ಲೆಕ್ಕ ಕೊಡಬೇಕಾದವರು ಮನೆಯವರು

ಆನೆಗೊಂದಿ, ಸಾಣಾಪುರದ ಕಡೆ ಕೋಣೆ ಬಾಡಿಗೆಗೆ ಕೊಡುವವರು ಅಕ್ಟೋಬರ್ ಬಂತೆಂದರೆ ಎರಡು ವಿಷಯಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ಒಂದು ಕರೆಂಟು, ಇನ್ನೊಂದು ಸಿ ಫಾರಂ. ಮಳೆ ನಿಂತು ಬಂಡೆಗಳು ಒಣಗಿದ ಮೇಲೆ ಬಂಡೆ ಹತ್ತುವ ಹುಡುಗ ಹುಡುಗಿಯರು ಬೆನ್ನಿಗೆ ದಪ್ಪ ದಿಂಬು ಕಟ್ಟಿಕೊಂಡು ಬರಲು ಶುರುವಾಗುತ್ತಾರೆ. ಫೆಬ್ರವರಿ ಕಳೆಯುವ ತನಕ ನಮ್ಮ ಓಣಿಯಲ್ಲಿ ಇಂಗ್ಲಿಷ್, ಹೀಬ್ರೂ, ರಷ್ಯನ್ ಎಲ್ಲ ಕೇಳುತ್ತವೆ. ಹೀಗೆ ಬಂದ ವಿದೇಶಿಯರು ದುಡ್ಡು ಕೊಟ್ಟು ಉಳಿಯಲಿ, ನೆಂಟರಾಗಿ ಉಳಿಯಲಿ, ಬಂದ 24 ಗಂಟೆಯೊಳಗೆ ಅವರ ವಿವರವನ್ನು ಮನೆಯವರು ಸರ್ಕಾರಕ್ಕೆ ಒಪ್ಪಿಸಬೇಕು. ಅದಕ್ಕಿರುವ ನಮೂನೆಯೇ ಸಿ ಫಾರಂ. ತುಂಬಬೇಕಾದವರು ಬಂದವರಲ್ಲ, ಮನೆಯವರು. ಈ ಮಾತು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ನನಗೆ ಗೊತ್ತಾದದ್ದು ಆನೆಗೊಂದಿಯಲ್ಲಿ ಅಲ್ಲ, ಬ್ಯಾಂಕಾಕಿನಲ್ಲಿ.

ಗಂಗಾವತಿಯ ರೈಸ್ ಮಿಲ್ಲಿನಲ್ಲಿ ನುಚ್ಚು ಎಷ್ಟು, ಇಡಿ ಅಕ್ಕಿ ಎಷ್ಟು ಎಂದು ಬೇರ್ಪಡಿಸಿ ನೋಡುವ ಕೆಲಸ ಕಲಿತಿದ್ದೆ. ಅದೇ ವಿದ್ಯೆ ಹಿಡಿದುಕೊಂಡು ಅಕ್ಕಿ ರಫ್ತು ಮಾಡುವ ಒಂದು ಕಂಪನಿಗಾಗಿ ಥಾಯ್ಲೆಂಡಿಗೆ ಹೋದೆ. ಅಲ್ಲಿ ಕೆಲಸದ ವೀಸಾ ಇದೆ, ವರ್ಕ್ ಪರ್ಮಿಟ್ ಇದೆ, ಇನ್ನೇನು ಬೇಕು ಎಂದುಕೊಂಡಿರುವಾಗ ಆಫೀಸಿನ ಗುಮಾಸ್ತೆಯೊಬ್ಬರು ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಿಂದ ಒಂದು ತಾರೀಖಿಗೆ ಗುರುತು ಹಾಕಿ, ಆ ಹೊತ್ತಿಗೆ ಇಮಿಗ್ರೇಷನ್‌ಗೆ ವರದಿ ಕೊಡಬೇಕು ಎಂದರು. 90 ದಿನಕ್ಕಿಂತ ಹೆಚ್ಚು ಆ ದೇಶದಲ್ಲೇ ಇರುವ ವಿದೇಶಿಯರು ಪ್ರತಿ 90 ದಿನಕ್ಕೊಮ್ಮೆ ‘ನಾನು ಇಂಥ ವಿಳಾಸದಲ್ಲಿದ್ದೇನೆ’ ಎಂದು ಬರೆದುಕೊಡಬೇಕು. ಆ ನಮೂನೆಗೆ ಟಿಎಂ 47 ಎಂದು ಹೆಸರು. ವೀಸಾ ಮುಂದುವರಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ವೀಸಾ ಅವಧಿ ಮುಗಿದಿದ್ದರೆ ಈ ಚೀಟಿ ಯಾರನ್ನೂ ಕಾಯುವುದಿಲ್ಲ, ವೀಸಾ ಸರಿ ಇದ್ದರೂ ಈ ಚೀಟಿ ತಪ್ಪಿದರೆ ದಂಡ ತಪ್ಪುವುದಿಲ್ಲ. ನಮ್ಮಪ್ಪ ಪಿಂಚಣಿಗಾಗಿ ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ‘ಬದುಕಿದ್ದೇನೆ’ ಎಂದು ಸಹಿ ಹಾಕಿ ಬರುತ್ತಿದ್ದರಲ್ಲ, ಅದೇ ತರಹದ್ದು ಎಂದು ಮನಸ್ಸಿಗೆ ಹೇಳಿಕೊಂಡೆ.

ತಾರೀಖು ಬರುವುದಕ್ಕೆ 15 ದಿನ ಮುಂಚಿನಿಂದ ಹಿಡಿದು ತಾರೀಖು ಕಳೆದ 7 ದಿನದ ತನಕ ಕೊಡಬಹುದು. ಅದು ದಾಟಿದ ಮೇಲೆ ತಾನಾಗಿಯೇ ಹೋದವರಿಗೆ 2000 ಬಾತ್ ದಂಡ. ನಡುವೆ ದೇಶ ಬಿಟ್ಟು ಹೋಗಿ ಬಂದರೆ ಎಣಿಕೆ ಮತ್ತೆ ಒಂದರಿಂದ ಶುರು. ದೀಪಾವಳಿಗೆ ಊರಿಗೆ ಬಂದು ಹೋಗುವವರಿಗೆ ಇದರಿಂದ ಅನುಕೂಲ, ಆದರೆ ಹೊರಡುವ ಮುಂಚೆ ಮರುಪ್ರವೇಶದ ಪರವಾನಗಿ ತೆಗೆದುಕೊಳ್ಳದಿದ್ದರೆ ವೀಸಾದ ಮುಂದುವರಿಕೆಯೇ ರದ್ದಾಗುತ್ತದೆ. ಬ್ಯಾಂಕಾಕಿನಲ್ಲಿ ನಾವು ಹೋಗುತ್ತಿದ್ದದ್ದು ಚೆಂಗ್ ವತ್ತನ ರಸ್ತೆಯ ಸರ್ಕಾರಿ ಕಚೇರಿಗಳ ಸಮುಚ್ಚಯಕ್ಕೆ. ಟೋಕನ್ ತೆಗೆದುಕೊಂಡು ಕೂರುವುದು, ಸಂಖ್ಯೆ ಬಂದಾಗ ಪಾಸ್‌ಪೋರ್ಟ್ ಮುಂದಿಡುವುದು. ಕೌಂಟರಿನಲ್ಲಿ ಆಗುವ ಕೆಲಸ ಒಂದೆರಡು ನಿಮಿಷದ್ದು. ಮುಂದಿನ ತಾರೀಖು ಬರೆದ ಚಿಕ್ಕ ಚೀಟಿಯೊಂದನ್ನು ಪಾಸ್‌ಪೋರ್ಟಿನೊಳಗೆ ಸ್ಟೇಪಲ್ ಹೊಡೆದು ಕೊಡುತ್ತಿದ್ದರು. ಅವರ ಕಾಗದಗಳಲ್ಲಿ ನಡೆಯುವುದು ಬೌದ್ಧ ಶಕೆ. ನಮ್ಮ ಇಸವಿಗೆ 543 ಕೂಡಿಸಬೇಕು. ವಲಸೆ ಕಾಯ್ದೆ ಕೂಡ 2522ರದ್ದು, ಅಂದರೆ ನಮ್ಮ 1979.

2015ರಲ್ಲಿ ಇದನ್ನು ಆನ್‌ಲೈನಿನಲ್ಲೂ ಕೊಡಬಹುದೆಂದು ಮಾಡಿದರು. ಆಗ ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆದುಕೊಳ್ಳುತ್ತಿತ್ತು. ಜಗತ್ತೇ ಬಿಟ್ಟಿದ್ದ ಬ್ರೌಸರನ್ನು ಥಾಯ್ಲೆಂಡಿನ ವಿದೇಶಿಯರಷ್ಟೇ ಕಾಪಾಡಿಕೊಂಡು ಬಂದಿದ್ದೆವು ಎಂದರೆ ತಪ್ಪಾಗಲಿಕ್ಕಿಲ್ಲ.

ನಿಜವಾಗಿ ಸಿಕ್ಕಿಬಿದ್ದದ್ದು ಬೇರೆ ಕಾಗದದಲ್ಲಿ. ಒಂದು ವರ್ಷ ವೀಸಾ ಮುಂದುವರಿಸಲು ಹೋದಾಗ ಕೌಂಟರಿನಲ್ಲಿದ್ದವರು ಟಿಎಂ 30ರ ರಸೀದಿ ಕೇಳಿದರು. ಅದು ವಿದೇಶಿಯರು ಕೊಡುವ ಕಾಗದವಲ್ಲ. ವಿದೇಶಿಯರನ್ನು ಇಟ್ಟುಕೊಂಡ ಮನೆಯವರು 24 ಗಂಟೆಯೊಳಗೆ ಕೊಡಬೇಕಾದದ್ದು. ಅದೇ 2522ರ ಕಾಯ್ದೆಯ 38ನೇ ಕಲಂ. ನಾನಿದ್ದ ಮನೆಯ ಒಡತಿ ಕೆಳಗಡೆ ನೂಡಲ್ಸ್ ಅಂಗಡಿ ನಡೆಸುತ್ತಿದ್ದ ಅಜ್ಜಿ. ಇಂಥದೊಂದು ಕಾಗದವಿದೆ ಎಂಬುದನ್ನೇ ಆಕೆ ಕೇಳಿರಲಿಲ್ಲ. ಕಾನೂನಿನ ಪ್ರಕಾರ ದಂಡ ಬೀಳುವುದು ಆಕೆಗೆ, ಆದರೆ ಕೆಲಸ ನಿಲ್ಲುವುದು ನನ್ನದು. ಆಕೆಯ ಗುರುತಿನ ಚೀಟಿಯ ಪ್ರತಿ, ಮನೆ ನೋಂದಣಿಯ ನೀಲಿ ಪುಸ್ತಕದ ಪ್ರತಿ, ಬಾಡಿಗೆ ಕರಾರು ಎಲ್ಲದಕ್ಕೂ ಸಹಿ ಹಾಕಿಸಿಕೊಂಡು ಮತ್ತೆ ರಜೆ ಹಾಕಿ ಹೋದೆ. ದಂಡದ ಅರ್ಧ ನಾನೇ ಕೊಟ್ಟೆ. ಅಜ್ಜಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ನನ್ನ ಬಟ್ಟಲಿಗೆ ಒಂದು ಮೊಟ್ಟೆ ಹೆಚ್ಚಿಗೆ ಹಾಕುತ್ತಿದ್ದರು. ಹೊರಗೆ ಹೋಗಿ ಅದೇ ಮನೆಗೆ ಮರಳಿದಾಗಲೆಲ್ಲ ಮತ್ತೆ ಟಿಎಂ 30 ಕೊಡಬೇಕೆಂಬ ಕಾಟ ಆಮೇಲೆ 2020ರಲ್ಲಿ ಸಡಿಲವಾಯಿತು.

ಮನೆಯವರ ಕರ್ತವ್ಯ, ಬಂದವರ ಸಂಕಟ. ಈ ವ್ಯವಸ್ಥೆಯ ಮೇಲೆ ನನಗಿರುವ ತಕರಾರು ಇದೊಂದೇ. ವಿವರ ಕೇಳುವುದರಲ್ಲಿ ತಪ್ಪೇನಿಲ್ಲ, ಯಾವ ದೇಶವೂ ಕೇಳುತ್ತದೆ. ಆದರೆ ಮನೆಯವರು ಮಾಡದೆ ಬಿಟ್ಟ ಕೆಲಸದ ಪೆಟ್ಟು ಮೊದಲು ಬೀಳುವುದು ಪರಭಾಷೆಯ ಕೌಂಟರಿನ ಮುಂದೆ ನಿಂತವರಿಗೆ. ಹಾಗಾಗಿ ಊರಿಗೆ ಮರಳಿ, ಆನೆಗೊಂದಿಯ ಹಳೆಯ ಮನೆಯನ್ನು ದುರಸ್ತಿ ಮಾಡಿಸಿ, ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಎಂದು ನೋಂದಣಿ ಮಾಡಿಸುವಾಗ ಮಂಚ, ಗೀಸರ್‌ಗಿಂತ ಮೊದಲು ವಿಚಾರಿಸಿದ್ದು ಸಿ ಫಾರಂ ಬಗ್ಗೆ.

ಅದಕ್ಕೆ ಮೊದಲು ಮನೆಯವರು ಸರ್ಕಾರದ ಜಾಲತಾಣದಲ್ಲಿ ಒಂದು ಖಾತೆ ತೆರೆಯಬೇಕು. ಮನೆಯ ವಿಳಾಸ, ಯಜಮಾನರ ವಿವರ, ಕೋಣೆಗಳೆಷ್ಟು, ಯಾವ ನೋಂದಣಾಧಿಕಾರಿಯ ವ್ಯಾಪ್ತಿ ಇತ್ಯಾದಿ. ಬೆಂಗಳೂರಿನಂಥ ಕಡೆ ಇದಕ್ಕೆಂದೇ ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ ಇದೆ. ಜಿಲ್ಲೆಗಳಲ್ಲಿ ಎಸ್‌ಪಿ ಸಾಹೇಬರೇ ವಿದೇಶಿಯರ ನೋಂದಣಾಧಿಕಾರಿ, ಎಫ್‌ಆರ್‌ಒ. ನಮಗೆ ಕೊಪ್ಪಳದ ಎಸ್‌ಪಿ ಕಚೇರಿ. ಅಲ್ಲಿಂದ ಖಾತೆಗೆ ಒಪ್ಪಿಗೆ ಸಿಗುವ ತನಕ ಫಾರಂ ತುಂಬಲು ಬರುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಮೊದಲ ವಿದೇಶಿ ಅತಿಥಿ ಬಾಗಿಲಲ್ಲಿ ಬ್ಯಾಗು ಇಳಿಸಿದ ಮೇಲೆಯೇ ಖಾತೆ ತೆರೆಯಲು ಓಡುವವರು ಹೆಚ್ಚು. 24 ಗಂಟೆಯ ಗಡಿಯಾರ ಆಗಲೇ ಓಡಲು ಶುರುವಾಗಿರುತ್ತದೆ.

ಫಾರಂ ತುಂಬುವುದು ಕಷ್ಟದ್ದಲ್ಲ, ಕಿರಿಕಿರಿಯದ್ದು. ಉಪನಾಮ ಒಂದು ಕಡೆ, ಹೆಸರು ಒಂದು ಕಡೆ. ಒಂದೇ ಹೆಸರು ಇರುವವರೂ ಬರುತ್ತಾರೆ. ಹೆಸರಿನ ಸಾಲಿಗಿಂತ ಪಾಸ್‌ಪೋರ್ಟಿನ ತಳದಲ್ಲಿರುವ, ಬಾಣದ ಗುರುತುಗಳು ತುಂಬಿದ ಆ ಎರಡು ಸಾಲು ನೋಡಿ ತುಂಬುವುದು ಒಳ್ಳೆಯದೆಂದು ನನ್ನ ಅನುಭವ. ಅಲ್ಲಿ ಉಪನಾಮ ಎಲ್ಲಿ ಮುಗಿಯುತ್ತದೆ ಎನ್ನುವುದು ಸ್ಪಷ್ಟ. ಅಮೆರಿಕದವರು ತಾವೇ ಬರೆದುಕೊಟ್ಟರೆ ತಿಂಗಳು ಮುಂದೆ, ದಿನ ಹಿಂದೆ ಬರೆಯುತ್ತಾರೆ. ಹೀಗಾಗಿ ತಾರೀಖನ್ನು ಅವರ ಕೈಬರಹದಿಂದ ಎತ್ತುವುದೇ ಇಲ್ಲ. ಇ-ವೀಸಾದವರ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಹಾಳೆ ಇರುವುದಿಲ್ಲ, ವಿಮಾನ ನಿಲ್ದಾಣದಲ್ಲಿ ಒತ್ತಿದ ಮುದ್ರೆ ಹುಡುಕಬೇಕು. ಆ ಮುದ್ರೆಯ ಶಾಯಿ ಎದುರು ಪುಟಕ್ಕೆ ಹತ್ತಿರುತ್ತದೆ. ಆಗ ಅವರ ಫೋನಿನಲ್ಲಿರುವ ಇಟಿಎ, ಅಂದರೆ ಇ-ವೀಸಾದ ಅನುಮತಿ ಕಾಗದವೇ ಗತಿ. ಆಮೇಲೆ ಫೋಟೋ. ಅದು ಇಂತಿಷ್ಟು ಗಾತ್ರಕ್ಕಿಂತ ದೊಡ್ಡದಿರಬಾರದು, ಫೋನಿನಲ್ಲಿ ತೆಗೆದದ್ದನ್ನು ಕುಗ್ಗಿಸಬೇಕು.

ಎಲ್ಲಿಂದ ಬಂದಿರಿ, ಭಾರತಕ್ಕೆ ಯಾವಾಗ ಬಂದಿರಿ, ಈ ಮನೆಗೆ ಎಷ್ಟು ಹೊತ್ತಿಗೆ ಬಂದಿರಿ, ಎಷ್ಟು ದಿನ ಇರುತ್ತೀರಿ, ಮುಂದೆ ಎಲ್ಲಿಗೆ. ಕೊನೆಯ ಪ್ರಶ್ನೆಗೆ ಹತ್ತರಲ್ಲಿ ಎಂಟು ಜನ ‘ಗೋಕರ್ಣ’ ಎನ್ನುತ್ತಾರೆ. ಉಳಿದವರು ಹೆಗಲು ಕುಣಿಸುತ್ತಾರೆ, ಅವರದ್ದೂ ಗೋಕರ್ಣವೇ ಎಂದು ಹಾಕಿಕೊಳ್ಳಲು ಬರುವುದಿಲ್ಲ, ಕೂತು ಕೇಳಬೇಕು. ರಾತ್ರಿ ಬಸ್ಸಿನಲ್ಲಿ ಬಂದು ಬೆಳಗಿನ ಆರಕ್ಕೆ ಹಾಸಿಗೆಗೆ ಬೀಳಲು ಹೊರಟವರಿಗೆ ಈ ಪ್ರಶ್ನೆಗಳು ಬೇಡವಾಗಿರುತ್ತವೆ. ಅದಕ್ಕೆ ನಾನು ಮಾಡುವುದಿಷ್ಟು: ಮೊದಲು ಚಹಾ, ಚಹಾ ಕುಡಿಯುವಷ್ಟರಲ್ಲಿ ಪಾಸ್‌ಪೋರ್ಟ್ ಮತ್ತು ವೀಸಾದ ಚಿತ್ರ ತೆಗೆದುಕೊಂಡು ಪಾಸ್‌ಪೋರ್ಟನ್ನು ಅಲ್ಲೇ ಅವರ ಕೈಗೆ ವಾಪಸ್ ಕೊಡುವುದು. ಪಾಸ್‌ಪೋರ್ಟ್ ಇಟ್ಟುಕೊಂಡು ಸಂಜೆ ಕೊಡುತ್ತೇನೆ ಎನ್ನುವವರ ರೂಢಿ ನನಗೆ ಸೇರುವುದಿಲ್ಲ. ಪರದೇಶದಲ್ಲಿ ಆ ಪುಸ್ತಕ ಕೈಯಲ್ಲಿಲ್ಲದೆ ಒಂದು ಮಧ್ಯಾಹ್ನ ಕಳೆದವರಿಗೆ ಗೊತ್ತು ಅದರ ಕಸಿವಿಸಿ.

ನಮ್ಮ ಕಡೆಗೆ ಮಾತ್ರ ಇರುವ ಒಂದು ಫಜೀತಿ ಎಂದರೆ ಹೊಳೆ. ಬಂದವರಿಗೆಲ್ಲ ಇದು ಹಂಪಿ. ತುಂಗಭದ್ರೆಯ ಆ ದಂಡೆಯೂ ಹಂಪಿ, ಈ ದಂಡೆಯೂ ಹಂಪಿ. ಸರ್ಕಾರದ ಲೆಕ್ಕದಲ್ಲಿ ಆ ದಂಡೆ ವಿಜಯನಗರ ಜಿಲ್ಲೆ, 2021ರ ತನಕ ಬಳ್ಳಾರಿ. ಈ ದಂಡೆ ಕೊಪ್ಪಳ, 1997ರ ತನಕ ರಾಯಚೂರು. ನಿನ್ನೆ ರಾತ್ರಿ ಆ ದಂಡೆಯಲ್ಲಿ ಮಲಗಿದವರು ಬೆಳಿಗ್ಗೆ ದೋಣಿ ದಾಟಿ ನಮ್ಮಲ್ಲಿಗೆ ಬಂದರೆ ಬೇರೆ ಜಿಲ್ಲೆ, ಬೇರೆ ನೋಂದಣಾಧಿಕಾರಿ, ಹೊಸ ಫಾರಂ. ‘ಆಗಲೇ ಕೊಟ್ಟಿದ್ದೇನಲ್ಲ’ ಎಂದು ಅವರಿಗೆ ಸಿಟ್ಟು ಬರುವುದು ಸಹಜ. ಹೊಳೆ ತೋರಿಸಿ, ಅಲ್ಲಿ ಒಬ್ಬ ಎಸ್‌ಪಿ, ಇಲ್ಲಿ ಒಬ್ಬ ಎಸ್‌ಪಿ ಎನ್ನುತ್ತೇನೆ. ಜಿಲ್ಲೆ ಬೇರೆ ಇರಲಿ ಬಿಡಲಿ, ಒಂದೊಂದು ಮನೆಯವರು ತಮ್ಮ ತಮ್ಮ ಫಾರಂ ತಾವೇ ಕೊಡಬೇಕು ಎನ್ನುವುದು ಮೂಲ ನಿಯಮ.

2025ರ ಮಾರ್ಚಿನಲ್ಲಿ ಸಾಣಾಪುರದಲ್ಲಿ ಪ್ರವಾಸಿಗರ ಮೇಲೆ ನಡೆದ ಹೀನ ಕೃತ್ಯದ ಬಗ್ಗೆ ಇಲ್ಲಿ ಹೆಚ್ಚು ಬರೆಯಲು ಮನಸ್ಸಿಲ್ಲ. ಅದಾದ ಮೇಲೆ ಬೀಟ್ ಪೊಲೀಸರು ಬಂದು ಅತಿಥಿಗಳ ಪುಸ್ತಕ ನೋಡುವುದು ಹೆಚ್ಚಾಯಿತು. ಅಲ್ಲಿಯ ತನಕ ಸಿ ಫಾರಂ ಎಂದರೆ ಮೂಗು ಮುರಿಯುತ್ತಿದ್ದವರೂ ಸುಮ್ಮನೆ ತುಂಬತೊಡಗಿದರು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂತು. 1920ರ ಪಾಸ್‌ಪೋರ್ಟ್ ಪ್ರವೇಶ ಕಾಯ್ದೆ, 1939ರ ವಿದೇಶಿಯರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ, 2000ದ ವಾಹಕರ ಹೊಣೆ ಕಾಯ್ದೆ, ಈ ನಾಲ್ಕೂ ರದ್ದಾಗಿ ಒಂದೇ ಆಯಿತು. ಮನೆಯವರ ಹೊಣೆ ಮಾತ್ರ ಹಾಗೇ ಉಳಿಯಿತು. ಕಾಲೇಜು, ಆಸ್ಪತ್ರೆಗಳೂ ತಮ್ಮಲ್ಲಿರುವ ವಿದೇಶಿಯರ ವಿವರ ಕೊಡಬೇಕು. ಕಾಯ್ದೆ ಹೊಸದಾದರೂ ನಮ್ಮ ಓಣಿಯಲ್ಲಿ ಅದರ ಹೆಸರು ಇವತ್ತಿಗೂ ಸಿ ಫಾರಂ.

ವಾರದ ಅತಿಥಿಗಳಿಗೆ ಇಷ್ಟೇ. ವರ್ಷಗಟ್ಟಲೆ ಇರುವವರ ಕಥೆ ಬೇರೆ. ಅದನ್ನು ಹತ್ತಿರದಿಂದ ಕಂಡದ್ದು ಜರ್ಮನಿಯ ಒಬ್ಬ ಸಂಶೋಧಕಿ ನಮ್ಮ ಮೇಲ್ಮನೆಗೆ ಬಾಡಿಗೆಗೆ ಬಂದಾಗ. ವಿಜಯನಗರದ ಕಾಲದಲ್ಲಿ ತೋಡಿದ ಕಾಲುವೆಗಳಲ್ಲಿ ಕೆಲವು ಇಂದಿಗೂ ಈ ಭಾಗದ ಬಾಳೆ, ಭತ್ತಕ್ಕೆ ನೀರು ಹರಿಸುತ್ತವೆ. ಆಕೆಯ ಅಧ್ಯಯನ ಅದರ ಮೇಲೆ. ಕೈಯಲ್ಲಿದ್ದದ್ದು ಸಂಶೋಧನಾ ವೀಸಾ, ಒಂದು ವರ್ಷದ್ದು. 180 ದಿನಕ್ಕಿಂತ ಹೆಚ್ಚಿನ ಇಂಥ ವೀಸಾದವರು ಭಾರತಕ್ಕೆ ಬಂದ 14 ದಿನದೊಳಗೆ ನೋಂದಣಿ ಮಾಡಿಸಬೇಕು. ಲೆಕ್ಕ ಶುರುವಾಗುವುದು ಆನೆಗೊಂದಿಗೆ ಬಂದ ದಿನದಿಂದಲ್ಲ, ದೇಶದೊಳಗೆ ಕಾಲಿಟ್ಟ ದಿನದಿಂದ. ಆಕೆ ಬೆಂಗಳೂರಿನಲ್ಲಿ ಗ್ರಂಥಾಲಯ, ಗೆಳತಿಯರು ಎಂದು ಒಂದು ವಾರ ನಿಂತು ಬಂದಿದ್ದರು. ನಮ್ಮ ಕೈಗೆ ಸಿಕ್ಕಿದ್ದು ಉಳಿದ ಅರ್ಧ.

ಈಗ ಇದೆಲ್ಲ ಇ-ಎಫ್‌ಆರ್‌ಆರ್‌ಒ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. 2018ರಲ್ಲಿ ದೊಡ್ಡ ನಗರಗಳಲ್ಲಿ ಶುರುವಾಗಿ ಎಲ್ಲೆಡೆ ಬಂತು. ಇದು ವಿದೇಶಿಯರ ಖಾತೆ, ಮನೆಯವರ ಖಾತೆ ಬೇರೆ. ಪಾಸ್‌ಪೋರ್ಟ್, ವೀಸಾ, ಫೋಟೋ, ಅಧ್ಯಯನಕ್ಕೆ ಸೇರಿಸಿಕೊಂಡ ಸಂಸ್ಥೆಯ ಪತ್ರ, ವಾಸದ ಪುರಾವೆ. ವಾಸದ ಪುರಾವೆ ಎಂದರೆ ನಾನು ಕೊಟ್ಟ ಸಿ ಫಾರಂನ ಪ್ರತಿ. ಮನೆಯವರು ಅದನ್ನು ಕೊಟ್ಟಿರದಿದ್ದರೆ ಮುಂದಿನ ಬಾಗಿಲು ತೆರೆಯುವುದೇ ಕಷ್ಟ. ಬ್ಯಾಂಕಾಕಿನ ಟಿಎಂ 30 ನೆನಪಾಗಿ, ಆಕೆ ಮೆಟ್ಟಿಲು ಹತ್ತುವ ಮೊದಲೇ ತುಂಬಿ ಕಳಿಸಿದ್ದೆ. ಸಂಸ್ಥೆಯ ಪತ್ರ ಮಾತ್ರ ಬರಲಿಲ್ಲ. ಸಹಿ ಮಾಡಬೇಕಾದವರು ಪ್ರವಾಸದಲ್ಲಿದ್ದರು, ಅವರ ಬದಲು ಸಹಿ ಮಾಡುವ ಧೈರ್ಯ ಇನ್ನೊಬ್ಬರಿಗಿರಲಿಲ್ಲ. ಆಕೆ ದಿನಾ ಬೆಳಿಗ್ಗೆ ಫೋನು ಮಾಡುವುದು, ‘ನಾಳೆ’ ಎಂಬ ಉತ್ತರ ಕೇಳುವುದು. ಜರ್ಮನಿಯವರಿಗೆ ‘ನಾಳೆ’ ಎಂದರೆ ಮರುದಿನವೇ. ಹೀಗಾಗಿ ಪ್ರತಿದಿನ ಹೊಸದಾಗಿ ನಿರಾಶೆ. ಕೊನೆಗೆ ನಾನೇ ಬೈಕ್ ತೆಗೆದುಕೊಂಡು ಸಂಸ್ಥೆಗೆ ಹೋಗಿ ಕೂತೆ. ಗುಮಾಸ್ತರಿಗೆ ಕೆಲಸ ಗೊತ್ತಿರಲಿಲ್ಲ ಎಂದಲ್ಲ. ಹದಿನಾಲ್ಕು ದಿನ ಎನ್ನುವುದು ಕಾನೂನಿನ ಗಡುವು, ನಮ್ಮ ಅವಸರವಲ್ಲ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಮುದ್ರಿಸಿದ ನಿಯಮ ಮುಂದಿಟ್ಟ ಮೇಲೆ ಪತ್ರ ಮಧ್ಯಾಹ್ನದೊಳಗೆ ಸಿದ್ಧವಾಯಿತು.

ಅರ್ಜಿ ಹೋದ ಮೇಲೆ ಒಂದು ಪ್ರಶ್ನೆ ಮರಳಿ ಬಂತು: ಪತ್ರದ ಸ್ಕ್ಯಾನ್ ಸ್ಪಷ್ಟವಿಲ್ಲ, ಮತ್ತೆ ಏರಿಸಿ. ನಮ್ಮಲ್ಲಿ ಕರೆಂಟು ಹೋಗಿತ್ತು, ಫೋನಿಗೆ ನೆಟ್‌ವರ್ಕ್ ಬೇಕಾದರೆ ಮಾಳಿಗೆಯ ಒಂದು ಮೂಲೆಯಲ್ಲಿ ನಿಲ್ಲಬೇಕು. ಗಂಗಾವತಿಗೆ ಹೋಗಿ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಅಲ್ಲಿಂದಲೇ ಕಳಿಸಿದೆವು. ಇಂಥವೆಲ್ಲ ಬರೆದುಕೊಳ್ಳುವಷ್ಟು ದೊಡ್ಡ ಕಷ್ಟಗಳಲ್ಲ, ಆದರೆ ಗಡುವು ಹತ್ತಿರವಿದ್ದಾಗ ಸ್ಕ್ಯಾನರಿನ ಗಾಜಿನ ಮೇಲಿನ ಬೆರಳಚ್ಚೂ ದೊಡ್ಡದಾಗಿ ಕಾಣುತ್ತದೆ.

ಆಮೇಲೆ ಗ್ರಾಮೀಣ ಠಾಣೆಯಿಂದ ವಿಚಾರಣೆಗೆ ಒಬ್ಬ ಪೇದೆ ಬಂದರು. ನಾನು ಹೊಲದಲ್ಲಿದ್ದೆ. ಅವ್ವ ಕಟ್ಟೆಯ ಮೇಲೆ ಕೂತಿದ್ದಳು.

‘ಅವ್ವಾರ, ಆ ಫಾರಿನ್ ಮೇಡಮ್ಮರು ಇಲ್ಲೇ ಇರ್ತಾರೇನ್ರಿ?’

‘ಇಲ್ಲದ ಎಲ್ಲಿ ಇರ್ತಾಳ್ರೀ ಯಪ್ಪಾ, ಒಳಗ ರೊಟ್ಟಿ ಬಡಿಯಾಕತ್ತಾಳ ನೋಡ್ರಿ. ಒಂದೂ ದುಂಡಗ ಬರವಲ್ಲದು.’

ಪೇದೆ ಒಳಗೆ ಇಣುಕಿದರು. ಹಿಟ್ಟಿನ ಕೈಯಲ್ಲೇ ಆಕೆ ಪಾಸ್‌ಪೋರ್ಟ್ ತಂದು ತೋರಿಸಿದರು. ಯಾವಾಗ ಬಂದದ್ದು, ಏನು ಕೆಲಸ, ಎಷ್ಟು ದಿನ ಎಂದು ಕೇಳಿ ಬರೆದುಕೊಂಡರು. ನಾನು ಮನೆಗೆ ಬರುವ ಹೊತ್ತಿಗೆ ಅವರು ರೊಟ್ಟಿ, ಪುಂಡಿ ಪಲ್ಯ ತಿಂದು ಹೊರಟಿದ್ದರು. ‘ಸರ, ಎಲ್ಲಾ ಕರೆಕ್ಟ್ ಐತಿ. ರೊಟ್ಟಿ ಒಂದು ಕಲೀಬೇಕು’ ಎಂದರು. ಕೆಲವು ದಿನ ಬಿಟ್ಟು ಆಕೆಯ ಇಮೇಲ್‌ಗೆ ವಾಸದ ಪರವಾನಗಿ ಪಿಡಿಎಫ್ ಆಗಿ ಬಂತು. ಗಡುವಿನೊಳಗೆ ಅರ್ಜಿ ಹೋಗಿದ್ದರಿಂದ ದಂಡದ ಮಾತು ಬರಲಿಲ್ಲ.

ಥಾಯ್ಲೆಂಡಿನ ಹಾಗೆ ಮೂರು ತಿಂಗಳಿಗೊಮ್ಮೆ ‘ಇಲ್ಲೇ ಇದ್ದೇನೆ’ ಎನ್ನುವ ಕಾಟ ಇಲ್ಲಿ ಇಲ್ಲ. ಇಲ್ಲಿನ ನಿಯಮ ನಿಂತಿರುವುದು ಬದಲಾವಣೆಯ ಮೇಲೆ. ವಿಳಾಸ ಬದಲಾದರೆ ತಿಳಿಸಬೇಕು, ವೀಸಾ ಮುಂದುವರಿಸಬೇಕಾದರೆ ಮುಗಿಯುವ ಮೊದಲೇ ಕೇಳಬೇಕು. ಎರಡರಲ್ಲಿ ಯಾವುದು ಲೇಸು ಎಂದು ಆಕೆ ಒಮ್ಮೆ ಕೇಳಿದ್ದರು. ಅಲ್ಲಿನದು ಬೇಸರ ತರಿಸುತ್ತದೆ, ಆದರೆ ಚೀಟಿಯಲ್ಲಿ ಮುಂದಿನ ತಾರೀಖು ಇರುವುದರಿಂದ ಮರೆಯಲು ಆಗುವುದಿಲ್ಲ. ಇಲ್ಲಿನದು ಹಗುರ, ಆದರೆ ನೆನಪಿಟ್ಟುಕೊಳ್ಳಬೇಕಾದದ್ದು ನಮ್ಮ ತಲೆಯಲ್ಲಿ. ನನಗಂತೂ ತಾರೀಖು ಬರೆದ ಚೀಟಿಯೇ ಇಷ್ಟ. ಆಕೆಗೆ ಪೇದೆಯೇ ಇಷ್ಟ.

ಕಾಲುವೆಯ ಕೆಲಸ ಆ ದಂಡೆಗೆ ಹೊರಳಿದಾಗ ಆಕೆ ಕಮಲಾಪುರದಲ್ಲಿ ಮನೆ ನೋಡಿಕೊಂಡರು. ಜಿಲ್ಲೆ ಬದಲು, ವಿಳಾಸ ಬದಲು. ಆಕೆ ತನ್ನ ಖಾತೆಯಲ್ಲಿ ವಿಳಾಸ ಬದಲಾವಣೆಗೆ ಅರ್ಜಿ ಹಾಕಬೇಕು, ಅದಕ್ಕೆ ಹೊಸ ಮನೆಯವರ ಸಿ ಫಾರಂ ಬೇಕು. ಆ ಮನೆಯ ಹುಡುಗ ನನಗೆ ಫೋನು ಮಾಡಿದ.

‘ಅಣ್ಣಾ, ಅದೇನೋ ಫಾರಂ ಅಂತಲ್ಲ, ಮೇಡಮ್ಮರು ಬಂದ ಮ್ಯಾಲೆ ಮಾಡಿದ್ರ ನಡೀತೈತಲ್ಲ?’

‘ಫಾರಂ ಬಂದ ಮ್ಯಾಲೆ. ಖಾತೆ ಬರೂಕಿಂತ ಮೊದ್ಲ. ಇವತ್ತ ಹಾಕು, ಒಪ್ಪಿಗಿ ಬರಾಕ ಟೈಮ್ ಹಿಡೀತೈತಿ.’

‘ನನ್ನ ಹತ್ರ ಪಾಸ್‌ಪೋರ್ಟ್ ಇಲ್ಲಣ್ಣ.’

‘ಪಾಸ್‌ಪೋರ್ಟ್ ಅವ್ರದು ಸಾಕು. ನಿಂದು ಮನಿ ಕಾಗದ. ಕರದ ರಸೀದಿ ತೆಗೆದಿಟ್ಕೋ.’

‘ಅದು ಇನ್ನೂ ನಮ್ಮಜ್ಜನ ಹೆಸರಿನ್ಯಾಗ ಐತಲ್ಲ.’

ಅಲ್ಲಿಂದ ಮಾತು ಪೌತಿ ಖಾತೆಯ ಕಡೆ, ಅಂದರೆ ತೀರಿಹೋದವರ ಆಸ್ತಿಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದರ ಕಡೆ ಹೊರಳಿತು. ಅದು ಮುಗಿಯುವ ತನಕ ಮನೆಯ ಕರೆಂಟ್ ಬಿಲ್ಲು ಯಾರ ಹೆಸರಿನಲ್ಲಿದೆ ನೋಡು ಎಂದೆ. ಅದು ಅವರಪ್ಪನ ಹೆಸರಿನಲ್ಲಿತ್ತು. ಹಾಗಾದರೆ ಸಿ ಫಾರಂನ ಖಾತೆಯನ್ನೂ ಅವರಪ್ಪನ ಹೆಸರಿನಲ್ಲೇ ಕೇಳು, ಯಾವ ಕಾಗದ ನಡೆಯುತ್ತದೆ ಎಂದು ಎಸ್‌ಪಿ ಕಚೇರಿಯಲ್ಲೇ ವಿಚಾರಿಸು ಎಂದು ಹೇಳಿ ಫೋನಿಟ್ಟೆ.